ಹಾಡಿನೊಳಗೆ ಬಂದ ಸೋದರಮಾವ

ಮೊನ್ನೆ ಅತ್ತಿಗುಪ್ಪೆಯಲ್ಲಿ ನಡೆದು ಹೋಗುತ್ತಿದ್ದಾಗ ಒಂದು ಮನೆಯ ಮುಂದೆ ಹಸಿ ಚಪ್ಪರದ ವಾಸನೆ ಬಂತು. ಮಾವಿನ ಸೊಪ್ಪು, ತೆಂಗಿನ ಗರಿ. ಎಲ್ಲರೂ ಛತ್ರಕ್ಕೆ ಹೋಗುವ ಕಾಲದಲ್ಲಿ ಇದೇನಪ್ಪಾ ಎಂದು ನಿಂತೆ. ನಿಂತಲ್ಲೇ ಸಿದ್ದರಾಜು ನೆನಪಾದ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ವಿಜಯನಗರದ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನು ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದವನು; ಪುಸ್ತಕ ಹಿಡಿದರೆ ಆಕಳಿಕೆ. ಅವನು ಬಿನ್ನಿಪೇಟೆ ಕಡೆ ಗುಮಾಸ್ತ, ಮಿಕ್ಕ ಹೊತ್ತೆಲ್ಲ ಕವಿ. ವಾರಪತ್ರಿಕೆಯ ಮೂಲೆಯಲ್ಲಿ ಅವನದೊಂದು ಪದ್ಯ ಬಂದರೆ ನನಗೆ ಮಸಾಲೆದೋಸೆ ಕೊಡಿಸಿ, ನಾನು ಕೈ ತೊಳೆದು ಆ ಪುಟ ನೋಡುವ ತನಕ ಸುಮ್ಮನೆ ಕಾಯುತ್ತಿದ್ದ. ಸಣ್ಣ ಗೆಲುವನ್ನು ಅಷ್ಟು ಚೆನ್ನಾಗಿ ಸವಿದವರನ್ನು ನಾನು ಬೇರೆ ಕಂಡಿಲ್ಲ.

ಆದರೆ ಅವನ ದೊಡ್ಡ ಆಸೆ ಬೇರೆ ಇತ್ತು. ಆಗಿನ್ನೂ ಹಳ್ಳಿಯಂತಿದ್ದ ಅತ್ತಿಗುಪ್ಪೆಯ ಹೆಂಗಸರು ತಾನು ಬರೆದದ್ದನ್ನು ಒಮ್ಮೆ ಹಾಡಬೇಕು. ಅವರ ಸೋಬಾನೆ ಕೇಳಲೆಂದೇ ಮದುವೆ ಮನೆಗಳಿಗೆ ನನ್ನನ್ನೂ ಎಳೆದೊಯ್ದು ಚಪ್ಪರದ ಆಚೆ ಕೂರಿಸುತ್ತಿದ್ದ. ಹಾಡುವವರಲ್ಲಿ ಹಿರಿಯಳಾದ ಪುಟ್ಟಮ್ಮಜ್ಜಿ ಒಂದು ಸಾಲು ಎತ್ತುವಳು, ಮಿಕ್ಕವರು ತಿರುಗಿ ಹೇಳುವರು. ಕೊನೆಗೊಂದು ದಿನ ಧೈರ್ಯ ಮಾಡಿ ತನ್ನ ಹಾಡನ್ನು ಅವಳಿಗೆ ಹೇಳಿಕೊಟ್ಟ.

"ಬಾಯಿಗೆ ಕೂತ್ರೆ ಹಾಡ್ತೀವಿ ಕಣಪ್ಪ. ಕೂರ್ಲಿಲ್ಲ ಅಂದ್ರೆ ಮುಖ ಊದಿಸ್ಕೋಬ್ಯಾಡ" ಎಂದಳು ಅಜ್ಜಿ.

ಜಯ ಎಂಬ ಹುಡುಗಿಯ ಅರಿಶಿನದ ದಿನ ಅದನ್ನು ಎತ್ತಿಯೇಬಿಟ್ಟಳು. ಹಸೆಯ ಮೇಲಿನ ಹೆಣ್ಣನ್ನು ಹರಸಲು ನೆಂಟರನ್ನು ಒಬ್ಬೊಬ್ಬರಾಗಿ ಕರೆಯುವ ಹಾಡು. ಯಾವ ಮನೆಯೋ ಆ ಮನೆಯವರ ಹೆಸರನ್ನು ಹಾಡುವವರೇ ಸೇರಿಸಿಕೊಳ್ಳಬೇಕು. ಅಪ್ಪ ಬಂದ, ದೊಡ್ಡಪ್ಪ ಬಂದ. ದನಿಗಳು ಏರಿದವು. ಸಿದ್ದರಾಜು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿದ್ದ. ಮುಂದೆ ಸೋದರಮಾವನ ಸಾಲು. ಅಲ್ಲಿ ಅಜ್ಜಿಯ ದನಿ ನಿಂತಿತು.

ಜಯಳ ತಾಯಿಗೆ ಅಣ್ಣತಮ್ಮಂದಿರೇ ಇರಲಿಲ್ಲ. ಬರೆಯುವಾಗ ನಮ್ಮ ಕವಿಗೆ ಹೀಗೂ ಇರಬಹುದೆಂದು ಹೊಳೆದೇ ಇಲ್ಲ. ತಾಯಿ ತಲೆ ತಗ್ಗಿಸಿದಳು. ಶುಭದ ಹಾಡು ನಡುವೆ ನಿಂತರೆ ಮುಗಿಯಿತು, ಮತ್ತೆ ಯಾರೂ ಅದನ್ನು ಎತ್ತುವುದಿಲ್ಲ.

"ಪ್ಯಾಟೆಯವ್ರ ಹಾಡು, ಅರ್ಧದಾರೀಲೆ ಕೈ ಕೊಡ್ತು ನೋಡು" ಎಂದಳು ಒಬ್ಬಳು.

ಅಜ್ಜಿ ಅವಳತ್ತ ತಿರುಗಲಿಲ್ಲ. ಚಪ್ಪರದ ಆಚೆ ಒಮ್ಮೆ ನೋಡಿ, ಉಸಿರು ತುಂಬಿಕೊಂಡು, ಮಾವ ಸಿದ್ದರಾಜು ಬಂದ ಎಂದು ಹಾಡಿದಳು. ಅಷ್ಟೂ ಹೆಂಗಸರು ತಿರುಗಿ ಹೇಳಿದರು. ಇವನು ಕಂಬದಂತೆ ಕೂತಿದ್ದ.

"ಎದ್ದು ಬಾರೋ. ಹಾಡಲ್ಲಿ ಬಂದೋನು ಬೀದೀಲಿ ಕೂರ್ತಾನಾ?" ಎಂದಳು ಅಜ್ಜಿ.

ಅವನು ಎದ್ದು ಹೋಗಿ ಅಕ್ಷತೆ ಹಾಕಿದ. ಅಂದಿನಿಂದ ಜಯಳ ತಾಯಿಗೆ ಅವನು ಅಣ್ಣ. ಬದುಕಿರುವ ತನಕ ಒಂದು ಗೌರಿ ಹಬ್ಬಕ್ಕೂ ಅವಳಿಗೆ ಬಾಗಿನ ತಪ್ಪಿಸಲಿಲ್ಲ. ಆ ಹಾಡನ್ನು ಮಾತ್ರ ಯಾವ ಪತ್ರಿಕೆಗೂ ಕಳಿಸಲಿಲ್ಲ.

"ಯಾಕೋ?" ಎಂದರೆ, "ಅದು ಬಂದಾಯ್ತಲ್ಲ ಗುರು" ಎನ್ನುತ್ತಿದ್ದ.

ಇಷ್ಟೆಲ್ಲ ನೆನೆಯುತ್ತಾ ಬೀದಿಯಲ್ಲೇ ನಿಂತಿದ್ದೇನೆ ನೋಡಿ. ಒಳಗಿನಿಂದ ಒಬ್ಬ ಹುಡುಗಿ ಬಂದಳು.

"ಯಾರ ಕಡೆಯವ್ರು ತಾತ?"

ಏನೆಂದು ಹೇಳಲಿ? "ಹಾಡಿನ ಕಡೆಯವನಮ್ಮ" ಎಂದುಬಿಟ್ಟೆ.

"ಅಯ್ಯೋ, ಹಾಡೋರು ಯಾರೂ ಇಲ್ಲ ಅಂತ ನಮ್ಮಜ್ಜಿ ಬೆಳಿಗ್ಗೆಯಿಂದ ಗೊಣಗ್ತಾ ಇದಾರೆ. ನಿಮ್ಗೆ ಬರುತ್ತಾ?"

ಜೀವಮಾನವೆಲ್ಲ ಪಕ್ಕದಲ್ಲಿ ಕೂತು ಕೇಳಿದವನು ನಾನು. ನನ್ನ ಗಂಟಲೋ, ದೇವರಿಗೇ ಪ್ರೀತಿ. ಆದರೂ ಚಪ್ಪಲಿ ಬಿಟ್ಟೆ.

"ಒಂದು ಬರುತ್ತೆ. ಹೆಣ್ಣಿನ ಸೋದರಮಾವನ ಹೆಸರೇನು, ಮೊದ್ಲು ಅದು ಹೇಳಮ್ಮ."