ಹಡಗಿನ ಲಾಗ್ ಬುಕ್ಕಿನಲ್ಲಿ ಕೆಂಪರಾಜು

ಕೊರೊನಾ ಕಾಲ ಮುಗಿದು ಎರಡು ವರ್ಷ ಕಳೆದಿತ್ತು. ಚನ್ನಪಟ್ಟಣದಲ್ಲಿ ನಾನು ವಕೀಲಿ ಶುರುಮಾಡಿ ಆಗ ಇಪ್ಪತ್ತೆರಡನೇ ವರ್ಷ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ನನ್ನ ಆಫೀಸು. ಬರುತ್ತಿದ್ದ ಕೇಸುಗಳೆಲ್ಲ ಊರಿನವೇ: ಪಾಲು ವಿಭಾಗ, ದಾರಿ ತಕರಾರು, ಹೆದ್ದಾರಿಯ ಅಪಘಾತ, ಗಂಡ ಹೆಂಡಿರ ವ್ಯಾಜ್ಯ. ಹಡಗಿನ ಕಾನೂನನ್ನು ನಾನು ಲಾ ಕಾಲೇಜಿನಲ್ಲೂ ಓದಿರಲಿಲ್ಲ. ಆ ವರ್ಷ ಓದಬೇಕಾಗಿ ಬಂತು.

ವಿರೂಪಾಕ್ಷಿಪುರ ಕಡೆಯ ಮಂಜುಳ ಎಂಬ ಹೆಣ್ಣುಮಗಳು ತನ್ನ ಅಣ್ಣ ನಾಗರಾಜನ ಜೊತೆ ಬಂದಿದ್ದಳು. ಮೂವತ್ತೆರಡು ಮೂವತ್ಮೂರು ವಯಸ್ಸಿರಬಹುದು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಕುತ್ತಿಗೆಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ ಹಾಗೇ ನೇತಾಡುತ್ತಿತ್ತು. ಮಾತೆಲ್ಲ ಅಣ್ಣನದು. ಊರಿನ ಡೈರಿ ಕಾರ್ಯದರ್ಶಿಯಾಗಿದ್ದ ಆತ ಕಾಗದಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಕೊಂಡೇ ತಂದಿದ್ದ.

"ಡೈವರ್ಸ್ ಆಗ್ಬೇಕು ಮೇಡಂ. ಇವ್ಳ ಗಂಡ ಹಡಗಲ್ಲಿ ಅಡುಗೆ ಭಟ್ಟ. ಎರಡು ವರ್ಸದ ಹಿಂದೆ ಯಾವುದೋ ದೇಶದಲ್ಲಿ ಹಡಗು ಬುಟ್ಟು ಓಡೋದ. ಕಂಪನಿಯೋರೇ ಬರ್ದವ್ರೆ, ನೋಡಿ."

ಗಂಡನ ಹೆಸರು ಕೆಂಪರಾಜು. ಕನಕಪುರದ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಹಡಗಿನ ಅಡುಗೆಯ ತರಬೇತಿ ಪಡೆದು, ಸರಕು ಸಾಗಿಸುವ ಹಡಗುಗಳಲ್ಲಿ ಆರು ವರ್ಷ ದುಡಿದಿದ್ದ. ಕಂಪನಿಯ ಪತ್ರದಲ್ಲಿ ನಾಲ್ಕೇ ಸಾಲು. ಪೂರ್ವ ಆಫ್ರಿಕಾದ ಬಂದರೊಂದರಲ್ಲಿ, ಹಡಗು ಹೊರಡುವ ಹೊತ್ತಿಗೆ ಆತ ಕಾಣೆಯಾಗಿದ್ದ. ಹಡಗಿನ ದಾಖಲೆಯಲ್ಲಿ ಅವನನ್ನು 'ಡೆಸರ್ಟರ್', ಅಂದರೆ ಕೆಲಸ ತೊರೆದು ಓಡಿಹೋದವನು ಎಂದು ನಮೂದಿಸಲಾಗಿದೆ. ಅಂದಿನಿಂದ ಫೋನೂ ಇಲ್ಲ, ಸುದ್ದಿಯೂ ಇಲ್ಲ. ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಊರವರು ತೀರ್ಮಾನ ಮಾಡಿ ಆಗಿತ್ತು.

ನನಗೆ ಇದು ಸಲೀಸಾದ ಕೇಸು ಅನ್ನಿಸಿತು. ಸಂಗಾತಿ ಎರಡು ವರ್ಷ ಸತತವಾಗಿ ತೊರೆದು ಹೋಗಿದ್ದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನ ಕೇಳಬಹುದು. ಅಲ್ಲಿಯೂ ಪದ 'ಡೆಸರ್ಷನ್', ಹಡಗಿನ ಕಾನೂನಿನಲ್ಲಿಯೂ 'ಡೆಸರ್ಷನ್'. ಪತ್ರಿಕೆಯಲ್ಲಿ ನೋಟಿಸು ಕೊಡುವುದು, ಅವನು ಬರುವುದಿಲ್ಲ, ಎಕ್ಸ್‌ಪಾರ್ಟಿ ಆಗುತ್ತದೆ, ಅಂದರೆ ಎದುರುವಾದಿ ಇಲ್ಲದೆಯೇ ತೀರ್ಪು. ಆರೇಳು ತಿಂಗಳ ಕೆಲಸ. ಅದೇ ವಾರ ಅರ್ಜಿ ಬರೆದು ಟೈಪ್ ಮಾಡಿಸಿದೆ. ಏಳನೇ ಪ್ಯಾರಾದಲ್ಲಿ ಎಲ್ಲ ವಕೀಲರೂ ಬರೆಯುವ ಹಾಗೆ ಬರೆದೆ: 'ಎದುರುವಾದಿಯು ಯಾವುದೇ ಸಕಾರಣವಿಲ್ಲದೆ, ಉದ್ದೇಶಪೂರ್ವಕವಾಗಿ ಅರ್ಜಿದಾರಳನ್ನು ತೊರೆದಿರುತ್ತಾನೆ.' ಮಂಜುಳ ಪ್ರತಿ ಪುಟಕ್ಕೂ ಸಹಿ ಹಾಕಿದಳು. ಎದ್ದು ಹೋಗುವಾಗ ಒಂದೇ ಒಂದು ಪ್ರಶ್ನೆ ಕೇಳಿದಳು.

"ಈ ಕಾಗದ ಅವ್ರಿಗೆ ಹೆಂಗಾದ್ರೂ ಸಿಗ್ತದಾ ಮೇಡಂ?"

ಸಿಗುವ ಸಂಭವ ಕಡಿಮೆ ಎಂದೆ.

ಅರ್ಜಿ ಹಾಕುವ ಮೊದಲು ಒಂದು ದಾಖಲೆ ಬೇಕಿತ್ತು. ನಮ್ಮ ನ್ಯಾಯಾಧೀಶರು ಕಂಪನಿಯ ಖಾಸಗಿ ಪತ್ರವನ್ನು ಸುಲಭಕ್ಕೆ ಒಪ್ಪುವವರಲ್ಲ. ಅದು ಭಾರತದ ಬಾವುಟದ ಹಡಗು. ಅಂಥ ಹಡಗಿನ ಕ್ಯಾಪ್ಟನ್ 'ಅಫಿಷಿಯಲ್ ಲಾಗ್ ಬುಕ್' ಎಂಬ ದಿನಚರಿ ಇಡಬೇಕು, ಪ್ರಯಾಣದ ಒಪ್ಪಂದ ಮುಗಿದ ಮೇಲೆ ಅದನ್ನು ಶಿಪ್ಪಿಂಗ್ ಕಚೇರಿಗೆ ಒಪ್ಪಿಸಬೇಕು ಎಂದು ವಿಚಾರಿಸಿ ತಿಳಿದುಕೊಂಡೆ. ಅದರ ದೃಢೀಕೃತ ನಕಲು ಕೇಳಿ ಮುಂಬೈಗೆ ಬರೆದೆ. ನಾಗರಾಜನಿಗೆ ಇದು ಹಿಡಿಸಲಿಲ್ಲ. "ಕಾಗದ ಐತಲ್ಲ ಮೇಡಂ, ಸಾಕು ಹಾಕ್ಬುಡಿ" ಎಂದು ಎರಡು ಸಲ ಫೋನ್ ಮಾಡಿದ. ನಿಜ ಹೇಳಬೇಕೆಂದರೆ ನನಗೂ ಬೇಸರ ಬಂದು, ಹಾಕಿಬಿಡೋಣ ಅನ್ನಿಸಿತ್ತು. ಅಷ್ಟರಲ್ಲಿ ಕೋರ್ಟಿನ ಬೇಸಿಗೆ ರಜೆ ಬಂತು. ಅದರಿಂದಷ್ಟೇ ಅರ್ಜಿ ನನ್ನ ಮೇಜಿನಲ್ಲಿ ಉಳಿಯಿತು.

ಮೂರು ತಿಂಗಳ ಮೇಲೆ ಲಕೋಟೆ ಬಂತು. ಒಳಗೆ ಲಾಗ್ ಬುಕ್ಕಿನ ಮೂರು ದಿನದ ಬರಹ, ಜೊತೆಗೆ ಒಂದು ಪಟ್ಟಿ.

ಸೋಮವಾರದ ನಮೂದು: 'ಅಡುಗೆಯವನು ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಮಂಚದ ಮೇಲೆ ಕುಳಿತಿದ್ದ. ಏಳಲು ಹೇಳಿದರೆ ಏಳಲಿಲ್ಲ. ನನ್ನ ಎದುರೇ ಚಹಾದ ಮಗ್ಗನ್ನು ಬೇಕೆಂದೇ ಕೆಳಕ್ಕೆ ಬಿಟ್ಟ.' ಮಂಗಳವಾರ: 'ಇಂದೂ ಕೆಲಸಕ್ಕೆ ನಿರಾಕರಿಸಿದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕುಡಿದಿರುವಂತೆ ಕಾಣುತ್ತದೆ.' ನಾವಿಕನ ಮೇಲೆ ದೂರು ಬರೆದರೆ ಅದನ್ನು ಅವನಿಗೆ ಓದಿ ಹೇಳಬೇಕು, ಅವನು ಕೊಟ್ಟ ಉತ್ತರವನ್ನೂ ಅಲ್ಲೇ ಬರೆಯಬೇಕು. ಇದು ಬ್ರಿಟಿಷರ ಕಾಲದಿಂದ ನಡೆದು ಬಂದ ನಿಯಮ. ಓದು ಬಾರದ ಬಡ ನಾವಿಕರ ಮೇಲೆ ಕ್ಯಾಪ್ಟನ್ನರು ಮನಸ್ಸಿಗೆ ಬಂದದ್ದು ಬರೆಯಬಾರದೆಂದು ಮಾಡಿದ್ದು. ಎರಡೂ ದಿನ ಕ್ಯಾಪ್ಟನ್ ಆ ನಿಯಮ ಪಾಲಿಸಿದ್ದ. ಎರಡೂ ನಮೂದಿನ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: 'ಓದಿ ಹೇಳಲಾಯಿತು. ಉತ್ತರ: ಇಲ್ಲ.'

ಬುಧವಾರ: 'ಸಂಜೆ ಹಡಗು ಹೊರಡುವಾಗ ಅಡುಗೆಯವನು ನಾಪತ್ತೆ. ಡೆಸರ್ಟರ್.'

ನನಗೆ ಬೇಕಾದ್ದೆಲ್ಲ ಅದರಲ್ಲಿತ್ತು. ಕೆಲಸಕ್ಕೆ ನಿರಾಕರಣೆ, ಕುಡಿತ, ಪರಾರಿ. ಅರ್ಜಿಯ ಜೊತೆ ಲಗತ್ತಿಸುವ ಮುನ್ನ ಓದಿ ಹೇಳಲು ಮಂಜುಳಳನ್ನು ಕರೆಸಿದೆ. ಅವಳು ಭಾನುವಾರದ ರಜೆಯಲ್ಲಿ ಒಬ್ಬಳೇ ಬಂದಳು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕುಡಿದಿದ್ದ ಎಂಬಲ್ಲಿ ಅವಳ ಹುಬ್ಬು ಗಂಟಾಯಿತು.

"ಅವ್ರು ಕುಡಿಯಾಕಿಲ್ಲ ಮೇಡಂ. ಉತ್ರ ಕೊಡ್ಲಿಲ್ಲ ಅಂದ್ರಲ್ಲ, ಏನದು?"

"ಕ್ಯಾಪ್ಟನ್ ಕೇಳಿದ್ದಕ್ಕೆ ಏನೂ ಮಾತಾಡಲಿಲ್ಲ ಅಂತ."

"ಎರಡು ದಿನವಾ?" ಅವಳಿಗೆ ನಗು ಬಂದ ಹಾಗಿತ್ತು. "ಅವ್ರು ಸುಮ್ಕಿರೋ ಮನ್ಸನೇ ಅಲ್ಲ. ಬಯ್ದೋರ್ ಹತ್ರಾನೂ ಮಾತಾಡೋರು. ನಿದ್ದೇಲೂ ಮಾತಾಡೋರು."

ಕೊನೆಗೆ ಪಟ್ಟಿ ಓದಿದೆ. ಓಡಿಹೋದವನು ಬಿಟ್ಟು ಹೋದ ಸಾಮಾನನ್ನು ಪಟ್ಟಿ ಮಾಡಬೇಕೆಂಬುದೂ ಒಂದು ನಿಯಮ. ಪಾಸ್‌ಪೋರ್ಟ್, ಮೊಬೈಲ್ ಫೋನ್, ಪರ್ಸು, ಅಂಗಿ ನಾಲ್ಕು, ಪ್ಯಾಂಟು ಮೂರು, ಕಪ್ಪು ಬೂಟು ಒಂದು ಜೊತೆ, ರಬ್ಬರ್ ಚಪ್ಪಲಿ ಒಂದು ಜೊತೆ.

"ಇನ್ನೊಂದ್ಸಲ ಓದಿ" ಎಂದಳು. ಓದಿದೆ.

"ಅವ್ರತ್ರ ಇದ್ದಿದ್ದೇ ಆ ಬೂಟು, ಆ ಚಪ್ಲಿ. ನಾನೇ ಬ್ಯಾಗಿಗೆ ತುಂಬಿದ್ದು. ಎರಡೂ ಅಲ್ಲೇ ಅವೆ ಅಂತೀರಿ. ಬರಿಗಾಲಲ್ಲಿ ಓಡೋದ್ರಾ ಮೇಡಂ? ದುಡ್ಡಿಲ್ದೆ, ಫೋನಿಲ್ದೆ?"

ನಾನು ಪಟ್ಟಿಯನ್ನು ಮತ್ತೆ ನೋಡಿದೆ. ಇಪ್ಪತ್ತೆರಡು ವರ್ಷ ದಾಖಲೆ ಓದಿದವಳು ನಾನು. ಆ ಪಟ್ಟಿಯನ್ನು ಮೂರು ಸಲ ನೋಡಿದ್ದೆ, ಪುಟದ ಸಂಖ್ಯೆಯನ್ನೂ ಹಾಕಿದ್ದೆ. ಚಪ್ಪಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಕೋರ್ಟಿಗೂ ಮೊದಲು, ನನಗೆ ಪರಿಚಯವಿದ್ದ ಸರ್ಕಾರಿ ಆಸ್ಪತ್ರೆಯ ಡಾಕ್ಟರೊಬ್ಬರ ಹತ್ತಿರ ಹೋದೆ. ಹೆಸರು ಹೇಳದೆ ಮೊದಲ ಎರಡು ನಮೂದು ತೋರಿಸಿದೆ. ಅವರು ಓದಿ ಮುಗಿಸಲೂ ಇಲ್ಲ.

"ಕೈಯಿಂದ ಮಗ್ ಜಾರಿದೆ. ಏಳೋಕಾಗ್ತಿಲ್ಲ, ಜೊಲ್ಲು, ಮಾತಿಲ್ಲ. ಇದು ಸ್ಟ್ರೋಕ್ ಮೇಡಂ, ಪಾರ್ಶ್ವವಾಯು. ಯಾವ ಆಸ್ಪತ್ರೆಗೆ ಸೇರಿಸಿದ್ರು?"

ಆಸ್ಪತ್ರೆಗೆ ಸೇರಿಸಲಿಲ್ಲ, ದೂರು ಬರೆದುಕೊಂಡರು ಎಂದೆ. ಮಾತು ಹೋದ ಮನುಷ್ಯನ ಎದುರು ನಿಂತು ಆರೋಪ ಓದಿ, 'ಉತ್ತರ: ಇಲ್ಲ' ಎಂದು ಬರೆದಿದ್ದಾರೆ. ಅದೂ ಎರಡು ಸಲ. ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಆಫೀಸಿಗೆ ಫೋನ್ ಮಾಡಿದೆ. ಆ ದಿನದ ಕೇಸುಗಳಿಗೆಲ್ಲ ಜೂನಿಯರ್ ಕೈಲಿ ವಾಯಿದೆ ಕೇಳಿಸಿದೆ.

ಅವನು ಎಲ್ಲಿ? ಸತ್ತನೋ, ಸಮುದ್ರಕ್ಕೆ ಬಿದ್ದನೋ? ಮುಂಬೈ ಕಚೇರಿಗೆ ಫೋನ್ ಮಾಡಿದೆ. ಲಾಗ್ ಬುಕ್ಕಿನ ನಕಲಿಗೆ ಸಹಿ ಮಾಡಿದ್ದ ಹಿರಿಯ ಅಧಿಕಾರಿಯೇ ಸಿಕ್ಕರು. ಧಾರವಾಡದ ಕಡೆಯವರು. ಪೂರ್ತಿ ಕೇಳಿಸಿಕೊಂಡು ಅವರು ಒಂದು ಹಳೆಯ ಸಂಗತಿ ಹೇಳಿದರು. ಬ್ರಿಟಿಷರ ಬಂದರುಗಳಲ್ಲಿ ಕಾಯಿಲೆಬಿದ್ದ ನಾವಿಕರನ್ನು ದಡಕ್ಕೆ ಇಳಿಸಿ, 'ಓಡಿಹೋದ' ಎಂದು ಬರೆದು ಹೊರಟುಬಿಡುವುದು ಕೆಲವು ಕ್ಯಾಪ್ಟನ್ನರ ಚಾಳಿಯಾಗಿತ್ತಂತೆ. ಕಾಯಿಲೆ ಎಂದು ಒಪ್ಪಿಕೊಂಡರೆ ಡಾಕ್ಟರು ಬರಬೇಕು, ಬಂದರಿನ ಅಧಿಕಾರಿಯ ಪತ್ರ ಆಗಬೇಕು, ಅಲ್ಲಿಯವರೆಗೆ ಹಡಗು ನಿಲ್ಲಬೇಕು. ಅದನ್ನು ತಡೆಯಲು ಎರಡು ನಿಯಮ ಬಂದವು. ಅಧಿಕಾರಿಯ ಪತ್ರವಿಲ್ಲದೆ ಯಾವ ನಾವಿಕನನ್ನೂ ಬಿಟ್ಟು ಹೋಗುವಂತಿಲ್ಲ. ದಡಕ್ಕೆ ಇಳಿಸಿದ ಪ್ರತಿಯೊಬ್ಬನನ್ನೂ ಬಂದರಿನವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

"ಆ ಬಂದರು ಬ್ರಿಟಿಷರು ಕಟ್ಟಿಸಿದ್ದರಿ. ಪುಸ್ತಕಾ ಇನ್ನೂ ಇಡತಾರ" ಎಂದರು ಅವರು. "ಕ್ಯಾಪ್ಟನ್ ಬರೆದದ್ದು ನೀವು ನೋಡೀರಿ. ಈಗ ಬಂದರಿನವರು ಬರೆದದ್ದು ತರಿಸ್ರಿ."

ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಲಾಗ್ ಬುಕ್ಕಿನ ನಕಲು, ಡಾಕ್ಟರ ಅಭಿಪ್ರಾಯ, ಕೆಂಪರಾಜುವಿನ ಫೋಟೋ ಎಲ್ಲ ಸೇರಿಸಿ ಬರೆದೆ. ಐದು ವಾರ ಕಳೆದ ಮೇಲೆ ಇಮೇಲ್ ಬಂತು. ಅದೇ ಬುಧವಾರ, ಮಧ್ಯಾಹ್ನ, ಬಂದರಿನ ಪುಸ್ತಕದಲ್ಲಿ ಹೀಗಿತ್ತು: 'ಒಬ್ಬ ನಾವಿಕ, ಭಾರತೀಯನಿರಬಹುದು. ಹಡಗಿನ ಏಜೆಂಟರ ದೋಣಿಯಲ್ಲಿ ತರಲಾಯಿತು. ಅಸ್ವಸ್ಥ, ಮಾತನಾಡಲಾರ. ಕಾಗದಪತ್ರ ಆಮೇಲೆ ಕಳಿಸುವುದಾಗಿ ಹೇಳಿದ್ದಾರೆ. ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ.'

ಕಾಗದಪತ್ರ ಬರಲೇ ಇಲ್ಲ. ಅಂದು ಸಂಜೆ ಕ್ಯಾಪ್ಟನ್, ಎಲ್ಲ ನೌಕರರೂ ಹಡಗಿನಲ್ಲಿದ್ದಾರೆ ಎಂದು ಬರೆದುಕೊಟ್ಟು ಹೊರಡುವ ಅನುಮತಿ ಪಡೆದಿದ್ದ. ಒಂದೇ ಬಂದರು ಕಚೇರಿಯಲ್ಲಿದ್ದ ಈ ಎರಡು ಬರಹಗಳನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಇಮೇಲಿನ ಕೊನೆಯ ಸಾಲನ್ನು ನಾನು ನಿಂತುಕೊಂಡೇ ಓದಿದೆ. ಆ ಮನುಷ್ಯ ಬದುಕಿದ್ದಾನೆ. ಆಸ್ಪತ್ರೆಯಿಂದ ಅನಾಥಾಶ್ರಮಕ್ಕೆ ಕಳಿಸಿದ್ದಾರೆ. ಅವನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ.

ವಿಡಿಯೋ ಕರೆ ನನ್ನ ಆಫೀಸಿನಲ್ಲೇ ಆಯಿತು. ಮಂಜುಳ, ನಾಗರಾಜ, ನಾನು ಮೂವರೇ. ಪರದೆಯಲ್ಲಿ ಕಾಣಿಸಿದವನು ಅರ್ಧ ಇಳಿದು ಹೋಗಿದ್ದ. ತಲೆ ಬೋಳಿಸಿದ್ದರು. ಬಲಗೈ ಮಡಿಲಲ್ಲಿ ಮುದುರಿಕೊಂಡಿತ್ತು, ಬಾಯಿ ಒಂದು ಕಡೆಗೆ ಓರೆ. ನನಗೆ ಫೋಟೋದ ಮನುಷ್ಯನೇ ಎಂದು ಹೇಳಲಾಗಲಿಲ್ಲ. ಮಂಜುಳ ಮೊಬೈಲಿನ ಹತ್ತಿರಕ್ಕೆ ಬಾಗಿ, "ರೀ" ಎಂದಳು. ಅಷ್ಟೇ. ಅವನ ಗಂಟಲಿನಿಂದ ಒಂದು ಸದ್ದು ಹೊರಟಿತು. ಪದವಲ್ಲ, ಕೂಗೂ ಅಲ್ಲ. ಅವನು ಎಡಗೈಯಿಂದ ಆ ಕಡೆಯ ಮೊಬೈಲನ್ನು ತಬ್ಬಿ ಹಿಡಿಯಲು ಹೋದ, ಪರದೆ ಕತ್ತಲಾಯಿತು. ಕತ್ತಲಲ್ಲಿ ಸದ್ದು ಮಾತ್ರ ಬರುತ್ತಲೇ ಇತ್ತು.

ನಾಗರಾಜ ಗೋಡೆಯ ಕಡೆ ತಿರುಗಿ ನಿಂತಿದ್ದ. "ಅಯ್ಯೋ ಭಾವ" ಎಂದ. "ಊರ್ ತುಂಬಾ ಏನೇನಂದ್ಬುಟ್ಟೆ ನಾನು."

ಕರೆತರಲು ಮತ್ತೆ ಎರಡು ತಿಂಗಳು ಹಿಡಿಯಿತು. ಆಮೇಲೆ ವಿಚಾರಣೆ ನಡೆಯಿತು. ಹಡಗಿನ ಇಂಜಿನ್ ಕೋಣೆಯ ಇಬ್ಬರು ಕೆಲಸಗಾರರು ಹೇಳಿಕೆ ಕೊಟ್ಟರು. ಅಡುಗೆಯವನನ್ನು ಆಸ್ಪತ್ರೆಗೆ ಕಳಿಸಿದೆವು, ಅಲ್ಲಿಂದ ಊರಿಗೆ ಹೋಗುತ್ತಾನೆ ಎಂದು ಕ್ಯಾಪ್ಟನ್ ಅವರಿಗೆ ಹೇಳಿದ್ದನಂತೆ. ಅವರೇ ಅವನನ್ನು ಕಂಬಳಿಯಲ್ಲಿ ಎತ್ತಿ ದೋಣಿಗೆ ಇಳಿಸಿದವರು. ಚಪ್ಪಲಿ ಹಾಕುವುದು ಯಾರಿಗೂ ಹೊಳೆದಿರಲಿಲ್ಲ. ಓಡಿಹೋದ ಎಂದು ಬರೆದಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಕ್ಯಾಪ್ಟನ್ನನ ಅರ್ಹತಾ ಪತ್ರ ಅಮಾನತಾಯಿತು. ಅವನ ಮೇಲಿನ ಕ್ರಿಮಿನಲ್ ಕೇಸು ಇನ್ನೂ ನಡೆಯುತ್ತಿದೆ. ಕಂಪನಿ ಚಿಕಿತ್ಸೆಯ ಹೊಣೆ ಹೊತ್ತಿತು. ಕೆಂಪರಾಜುವಿನ ಸೇವಾ ದಾಖಲೆಯಿಂದ 'ಡೆಸರ್ಟರ್' ಎಂಬ ಪದವನ್ನು ಹೊಡೆದು ಹಾಕಿದರು.

ಕಳೆದ ವರ್ಷ ವಿರೂಪಾಕ್ಷಿಪುರಕ್ಕೆ ಬೇರೆ ಕೆಲಸಕ್ಕೆ ಹೋದವಳು ಅವರ ಮನೆಗೂ ಹೋದೆ. ಕೆಂಪರಾಜು ಕೋಲು ಹಿಡಿದು ಜಗಲಿಯ ಉದ್ದಕ್ಕೂ ನಡೆಯುವಷ್ಟಾಗಿದ್ದ. ನಾಲ್ಕೈದು ಪದ ಬರುತ್ತಿದ್ದವು. ನನ್ನನ್ನು ಕಂಡು "ಬನ್ನಿ" ಎಂದ. ಅದಕ್ಕೇ ಅವನ ಹಣೆ ಬೆವರಿತು. ಮಂಜುಳ ಕಾಫಿ ತಂದುಕೊಟ್ಟು ಎದುರು ಕುಳಿತಳು. ನನ್ನ ಮನಸ್ಸಿನಲ್ಲಿ ಒಂದು ಮಾತು ಬಹಳ ದಿನದಿಂದ ಇತ್ತು, ಕೆಂಪರಾಜು ಜಗಲಿಯ ಆ ತುದಿಗೆ ನಡೆದು ಹೋದಾಗ ಅವಳಿಗೆ ಮೆಲ್ಲಗೆ ಹೇಳಿದೆ. ಆ ಕ್ಯಾಪ್ಟನ್ ಬರೆದ ಹಾಗೆಯೇ ನಾನೂ ಬರೆದಿದ್ದೆ. ಅವನ ಮುಖ ನೋಡದೆ, ಅವನನ್ನು ಏನೂ ಕೇಳದೆ, 'ಉದ್ದೇಶಪೂರ್ವಕವಾಗಿ' ಎಂದು ಟೈಪ್ ಮಾಡಿಸಿದ್ದೆ. ಬೇಸಿಗೆ ರಜೆ ಒಂದು ವಾರ ತಡವಾಗಿದ್ದರೆ ಅದು ಕೋರ್ಟಿಗೆ ಹೋಗುತ್ತಿತ್ತು, ತೀರ್ಪೂ ಆಗುತ್ತಿತ್ತು. ತಪ್ಪಾಯಿತಮ್ಮ ಎಂದೆ.

ಅವಳು ಗಂಡನ ಕಡೆ ಒಮ್ಮೆ ನೋಡಿ, ಅವನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ನೀವೊಬ್ರೇ ಅಲ್ಲ ಮೇಡಂ. ಎಲ್ಲಾ ಪುಟಕ್ಕೂ ಸೈನ್ ಹಾಕಿದ್ದೋಳು ನಾನು. ಅದ್ನಿನ್ನೂ ಅವ್ರಿಗೆ ಹೇಳಿಲ್ಲ."

ಈಗ ಎಕ್ಸ್‌ಪಾರ್ಟಿ ಕೇಸು ಹಿಡಿದುಕೊಂಡು ಯಾರೇ ಬರಲಿ, ಕಾನೂನಿನ ಮಾತಿಗೆ ಮೊದಲು ಅವರನ್ನು ಕೂರಿಸಿ ಕೇಳುತ್ತೇನೆ: ಕೊನೆಯ ಸಲ ಅವನನ್ನು ಎಲ್ಲಿ ನೋಡಿದಿರಿ, ಏನು ಉಟ್ಟಿದ್ದ, ಏನು ಬಿಟ್ಟು ಹೋದ? ಇದೆಲ್ಲ ಯಾಕೆ ಎಂದು ಕಕ್ಷಿದಾರರು ಸಿಡುಕುತ್ತಾರೆ, ಕೆಲವರು ಎದ್ದು ಬೇರೆ ವಕೀಲರ ಬಳಿಗೆ ಹೋಗಿದ್ದಾರೆ. ಇಲ್ಲದ ಮನುಷ್ಯನ ಬಗ್ಗೆ ಬರೆಯುವುದು ತೀರಾ ಸುಲಭ. ಅದಕ್ಕೇ ಆ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಭಯಪಡಬೇಕು. ಇಪ್ಪತ್ತೆರಡು ವರ್ಷ ಕಪ್ಪು ಕೋಟು ಹಾಕಿದ ಮೇಲೆ ನಾನು ಕಲಿತ ಪಾಠ ಇದು.