ಕುಳ್ಳಮ್ಮ ತೂಕಡಿಸಿರಲಿಲ್ಲ

ಕ್ಯಾತನಹಳ್ಳಿ ಕಡೆ ಕಬ್ಬು ಕಡಿಯುವುದರಲ್ಲಿ ಕುಳ್ಳಮ್ಮನ ಸಮಕ್ಕೆ ಯಾರೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ, ಕೆಲಸ ಮುಗಿಸಿ, ಹೊನ್ನಪ್ಪನ ಟ್ರಾಕ್ಟರಿನ ಕಬ್ಬಿನ ಲೋಡಿನ ಮೇಲೆ ಕೂತು ಊರಿಗೆ ಹೊರಟಳು. ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು. ಹೊನ್ನಪ್ಪ ಗಕ್ಕನೆ ಬ್ರೇಕು ತುಳಿದ. ಕುಳ್ಳಮ್ಮ ಮುಂದಕ್ಕೆ ಹಾರಿ ರಸ್ತೆಗೆ ಬಿದ್ದಳು. ಅಷ್ಟು ಭಾರ ಹೊತ್ತ ಟ್ರೈಲರು ನಿಂತಲ್ಲೇ ನಿಲ್ಲುತ್ತದೆಯೇ? ಅದರ ಚಕ್ರ ಅವಳ ಬಲಗಾಲಿನ ಮೇಲೆ ಹತ್ತಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

"ತೂಕಡಿಸ್ತಾ ಕೂತಿದ್ಲು, ಬಿದ್ಬುಟ್ಲು" ಅಂದ ಹೊನ್ನಪ್ಪ. ಊರು ನಂಬಿತು. ಗಂಡನೂ ನಂಬಿ, ದಿನಾ ಬೈದು, ಕೊನೆಗೆ ಬೇರೆಯವಳ ಜೊತೆ ಸಂಸಾರ ಹೂಡಿದ. ಬಿದ್ದ ಗಳಿಗೆ ಕುಳ್ಳಮ್ಮನ ನೆನಪಿನಲ್ಲೇ ಇರಲಿಲ್ಲ. ಕೇಳಿ ಕೇಳಿ ಅವಳೂ ನಂಬಿದಳು.

ಆಮೇಲೆ ಶಾಲೆಯ ಬಿಸಿಯೂಟಕ್ಕೆ ತರಕಾರಿ ಹೆಚ್ಚುವ, ಸಾರು ಬಡಿಸುವ ಕೆಲಸ ಸಿಕ್ಕಿತು. ಒಂದು ದಿನ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳುವ ಜಯಕುಮಾರ್ ಮೇಷ್ಟ್ರು ಕಿಟಕಿಯಿಂದ ಅವಳತ್ತ ಕೈ ತೋರಿಸಿದರು.

"ಚಲಿಸೋ ವಸ್ತು ತಾನಾಗೇ ನಿಲ್ಲಲ್ಲ, ತಡೆಯೋಕೆ ಬಲ ಬೇಕು. ಬ್ರೇಕು ಗಾಡೀನ ತಡೀತು. ಕುಳ್ಳಮ್ಮನ್ನ ಯಾವ್ದು ತಡೀಬೇಕಿತ್ತು? ಇದೇ ಜಡತ್ವ."

ಮಕ್ಕಳು ಗೊಳ್ಳೆಂದು ನಕ್ಕರು. ಮಾರನೇ ದಿನದಿಂದ ಊಟದ ಸಾಲಿನಲ್ಲಿ, "ಜಡತ್ವ, ಇನ್ನೊಂದ್ ಸೌಟು ಸಾರು!"

ಕೆಟ್ಟ ಬೈಗುಳವಿರಬೇಕೆಂದು ಅವಳು ಮೇಷ್ಟ್ರನ್ನೇ ಕೇಳಿದಳು. ಅವರು ಬೋರ್ಡು ಒರೆಸುತ್ತಲೇ ವಿವರಿಸಿದರು.

"ಅಂಗಾರೆ ಎಚ್ಚರ ಇದ್ದಿದ್ರೂ ಬೀಳ್ತಿದ್ನಾ ಸಾ?"

"ಗಟ್ಟಿಯಾಗಿ ಹಿಡ್ಕೊಳ್ಳೋಕೆ ಏನೂ ಇಲ್ದಿದ್ರೆ ಎಚ್ಚರ ಇದ್ರೂ ಅಷ್ಟೇ, ಮಲಗಿದ್ರೂ ಅಷ್ಟೇ. ಗಾಡಿಗಿದ್ದ ವೇಗವೇ ನಿನ್ನ ಮೈಗೂ ಇತ್ತು."

ಕುಳ್ಳಮ್ಮ ಊರುಗೋಲು ಹಿಡಿದು ನೇರ ಹೊನ್ನಪ್ಪನ ಮನೆಗೆ ಹೋದಳು. "ನೀನು ಗಾಡಿ ನಿಲ್ಲಿಸ್ದೆ, ನನ್ ಮೈ ನಿಲ್ನಿಲ್ಲ, ಅಷ್ಟೇ ಕಣಪ್ಪ. ತೂಕಡಿಸಿದ್ಲು ಅಂತ ಅನ್ಬೇಡ. ಊರೋರ ಮುಂದೆ ಇದೊಂದು ಮಾತು ಹೇಳ್ಬುಡು."

ಹೊನ್ನಪ್ಪ ಎಲೆಅಡಿಕೆ ಉಗಿದು ಬಂದ. "ನಂಗೊತ್ತಿಲ್ವಾ? ಬ್ರೇಕ್ ತುಳಿಯಕ್ಕೆ ಮುಂಚೆ 'ಎಮ್ಮೆ, ಎಮ್ಮೆ' ಅಂತ ನೀನೇ ಕೂಗ್ದೆ. ಈಗ ಹೇಳಿದ್ರೆ ಕಾಲು ಚಿಗುರ್ತದಾ? ಓಗು."

ಬಾಗಿಲು ಹಾಕಿಕೊಂಡ.

ಎದುರು ಮನೆಯ ಮಂಚಯ್ಯ ತನ್ನ ಜಗಲಿಯಲ್ಲಿ ಕೂತಿದ್ದ. ಕುಳ್ಳಮ್ಮ ಅವನಿಗೆ ಎಲ್ಲ ಹೇಳಿದಳು. "ಯಾವ ಕಾಲದ್ದೋ, ಬುಡವ್ವ" ಎಂದು ಅವನು ಬೀಡಿ ಹಚ್ಚಿದ. ಅವಳು ಪಕ್ಕದ ಮನೆಯ ಕದ ತಟ್ಟಿದಳು.