ಜಿಂಕೆ ಸೊಪ್ಪಿಗೆ ಹೊಡೆದ ಔಷಧಿ

ಹೊಲ ಮಾರಿದ ಮೇಲೆ ನಾನು ಬಹಳ ದೊಡ್ಡ ರೈತನಾದೆ. ಹೊಲ ಇದ್ದಾಗ ಒಕ್ಕಲುತನದ ವಿಷಯವನ್ನು ನನ್ನ ಹತ್ತಿರ ಯಾರೂ ಕೇಳುತ್ತಿರಲಿಲ್ಲ. ಅಪ್ಪ ಇದ್ದರು, ಅಪ್ಪನ ಹಿಂದೆ ನನ್ನ ತಂಗಿ ಇದ್ದಳು, ನಾನು ಚಿಕ್ಕಜಾಲದ ಟೀ ಅಂಗಡಿಯ ಮುಂದೆ ಇರುತ್ತಿದ್ದೆ. ಏರ್‌ಪೋರ್ಟ್ ಬಂತು, ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸೈಟಿನ ಕಲ್ಲುಗಳು ಬೆಳೆದವು, ನನಗೊಂದು ಬಿಳಿ ಗಾಡಿ, ಅದಕ್ಕೆ ಹೊಂದುವ ಬಿಳಿ ಶರ್ಟುಗಳು ಬಂದವು. ಅಂದಿನಿಂದ ಮಣ್ಣು, ಮಳೆ, ಬೀಜ, ಗೊಬ್ಬರ, ಯಾವುದರ ಬಗ್ಗೆ ಬೇಕಾದರೂ ಗಂಟೆಗಟ್ಟಲೆ ಮಾತಾಡಬಲ್ಲವನಾದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಆದರೂ ಇಷ್ಟೊಂದು ವಿದ್ಯೆ ನನ್ನೊಳಗೆ ಎಲ್ಲಿ ಅಡಗಿತ್ತೋ!

ತಂಗಿಯನ್ನು ಬಾಗಲಗುಂಟೆಗೆ ಕೊಟ್ಟಿದ್ದೆವು. ಗಂಡ ಫ್ಯಾಕ್ಟರಿ ಬಸ್ಸಿನ ಡ್ರೈವರ್. ಹೊಲ ಮಾರಿದಾಗ ಅವಳು ಬಂದು, ತೋರಿಸಿದ ಕಡೆ ಸಹಿ ಹಾಕಿ, ಒಂದು ರೇಷ್ಮೆ ಸೀರೆ ಉಟ್ಟುಕೊಂಡು ವಾಪಸು ಹೋದಳು. ನಮ್ಮ ಕಡೆ ಇದಕ್ಕೆ ಅಣ್ಣತಂಗಿಯರ ಪ್ರೀತಿ ಎನ್ನುತ್ತಾರೆ. ಅದನ್ನು ಇಲ್ಲಿ ಬರೆಯಲು ಹೊರಟಿಲ್ಲ. ಆ ಪಾಪದಲ್ಲಿ ನನಗೆ ಊರು ತುಂಬ ಜೊತೆಗಾರರಿದ್ದಾರೆ. ಈಗ ಬರೆಯುವುದು ನಾನೊಬ್ಬನೇ ಮಾಡಿದ್ದು.

ನಮ್ಮೂರಿನಿಂದ ಸ್ವಲ್ಪ ಆಚೆ ಒಂದು ದೊಡ್ಡ ಸಂಸ್ಥೆಯ ಕಾಂಪೌಂಡು ಇತ್ತು. ಗಾಯಗೊಂಡು ಸಿಕ್ಕ ಚುಕ್ಕೆ ಜಿಂಕೆಗಳನ್ನು ಸರ್ಕಾರದ ಅನುಮತಿ ಪಡೆದು ಅಲ್ಲಿ ಸಾಕಿದ್ದರು. ಮರಿಯಾಗಿ, ಮರಿಗೆ ಮರಿಯಾಗಿ ಅದೊಂದು ಹಿಂಡೇ ಆಗಿತ್ತು. ಸಂಸ್ಥೆಯ ದೊಡ್ಡವರು ಯಾವುದೋ ದೇಶಕ್ಕೆ ಹೋಗಿದ್ದಾಗ ಅಲ್ಲಿ ಜಿಂಕೆಗಳಿಗೆಂದೇ ಹೊಲ ಮಾಡಿ ಕ್ಲೋವರ್ ಎಂಬ ಸೊಪ್ಪು ಬೆಳೆಸುವುದನ್ನು ಕಂಡು ಬಂದರು. ನಮ್ಮ ಜಿಂಕೆಗಳು ಅಲ್ಲಿಯವರೆಗೆ ಹುಲ್ಲು, ಆಲದೆಲೆ, ಉದುರಿದ ಹಣ್ಣು ತಿಂದುಕೊಂಡು ಹೇಗೋ ಬದುಕಿದ್ದವು, ಹಿಂದುಳಿದ ಜಿಂಕೆಗಳು. ಅವುಗಳ ಉದ್ಧಾರಕ್ಕಾಗಿ ಬೀಜ ಬಂತು. ಬೇಲಿಯೊಳಗೇ ಒಂದು ತುಂಡು ಜಾಗಕ್ಕೆ ಬಲೆ ಕಟ್ಟಿ, ಜಿಂಕೆಗಳು ನುಗ್ಗದ ಹಾಗೆ ಮಾಡಿ, ಬಿತ್ತಿದರು. ಮೂರೆಲೆಯ ಗಿಡ್ಡ ಸೊಪ್ಪು ಬಂತು. ದನಕ್ಕೆ ಹಾಕುವ ಕುದುರೆ ಮಸಾಲೆಯ ಸಣ್ಣ ತಂಗಿಯ ಹಾಗೆ. ಊರಿನವರು ಅದನ್ನು ಜಿಂಕೆ ಸೊಪ್ಪು ಎಂದು ಕರೆದರು.

ಸೊಪ್ಪಿನ ಜೊತೆ ನಮ್ಮ ನೆಲದ ಸಮಸ್ತ ಕಳೆಯೂ ಎದ್ದಿತು. ಗರಿಕೆ, ಜೇಕು, ಪಾರ್ಥೇನಿಯಂ, ಹೊನಗೊನ್ನೆ, ಅಣ್ಣೆ ಸೊಪ್ಪು. ವಿದೇಶದಿಂದ ಅತಿಥಿ ಬಂದರೆ ನೋಡಲು ಊರೆಲ್ಲ ಸೇರುತ್ತದಲ್ಲ, ಹಾಗೆ. ಅಲ್ಲೇ ತೋಟದ ಕೆಲಸಕ್ಕೆ ಹೋಗುತ್ತಿದ್ದ ನನ್ನ ತಂಗಿ ಮ್ಯಾನೇಜರನ್ನು ಕೇಳಿ ಆ ತುಂಡನ್ನು ತಾನು ನೋಡಿಕೊಳ್ಳುತ್ತೇನೆಂದು ಹಿಡಿದುಕೊಂಡಳು. ಬೇಸಿಗೆ ಕಳೆಯುವವರೆಗೆ ಸೊಪ್ಪು ನಿಂತರೆ, ಜಿಂಕೆಗಳ ಇಡೀ ಮೇವಿನ ಕೆಲಸವನ್ನು ಅವಳ ಹೆಸರಿಗೆ ಕೊಡುವ ಮಾತಾಗಿತ್ತು. ಅವಳ ಹೆಸರಿಗೆ. ಅಪ್ಪನ ಮಗಳು, ನನ್ನ ತಂಗಿ, ಡ್ರೈವರನ ಹೆಂಡತಿ ಎಂದಲ್ಲ. ಅದನ್ನು ಹೇಳಲು ರಜೆಯ ದಿನ ಬಾಗಲಗುಂಟೆಯಿಂದ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದಿದ್ದಳು. ನಾನು ಟಿವಿ ನೋಡುತ್ತಲೇ "ಒಳ್ಳೇದಾಯ್ತು ಬಿಡು" ಎಂದಿದ್ದೆ.

ಅವಳ ವಿಧಾನ ಬಹಳ ಬೇಸರದ್ದು. ಸಂಜೆ ನೀರು ಹಾಯಿಸಿ, ಬೆಳಿಗ್ಗೆ ನೆಲ ಮೆತ್ತಗಿರುವಾಗ ಹೆಂಗಸರನ್ನು ಸಾಲಾಗಿ ಕೂರಿಸಿ, ಕಳೆ ಸಣ್ಣದಿರುವಾಗಲೇ ಬೇರು ಸಮೇತ ಕೀಳಿಸುವುದು. ಜೇಕನ್ನು ಗಡ್ಡೆ ಸಹಿತ ಅಗೆಸುವುದು. ಎತ್ತರ ಬೆಳೆದ ಹುಲ್ಲು ಹೂ ಬಿಡುವ ಮೊದಲೇ ಕುಡುಗೋಲಲ್ಲಿ ತಲೆ ಸವರುವುದು. ಬಿಸಿಲು ಬಿದ್ದ ಸೊಪ್ಪು ಆಮೇಲೆ ತಾನೇ ಹರಡಿ ನೆಲ ಮುಚ್ಚುತ್ತದಂತೆ. ಕಿತ್ತ ಅಣ್ಣೆ, ಹೊನಗೊನ್ನೆಯನ್ನು ಹೆಂಗಸರು ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ಜಿಂಕೆಗಳು ಬಲೆಗೆ ಮೂತಿ ಒತ್ತಿಕೊಂಡು ಇದನ್ನೆಲ್ಲ ನೋಡುತ್ತಿದ್ದವು.

ಮಾಘದ ಚಳಿ ಮುಗಿಯುವ ಹೊತ್ತಿಗೆ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಯಶವಂತಪುರದ ಆಸ್ಪತ್ರೆಯಲ್ಲಿ ಆಪರೇಷನ್. ತಂಗಿ ಬಟ್ಟೆ ಚೀಲ ಹಿಡಿದು, ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದಳು.

"ಅಣ್ಣ, ಒಂದ್ ಹದಿನೈದ್ ದಿನ ಆ ಹೆಂಗಸ್ರನ್ನ ನೋಡ್ಕೋತೀಯಾ? ನೀನೇನೂ ಮಾಡ್ಬೇಡ. ಬಂದ್ರಾ, ಕಿತ್ರಾ, ನೋಡಿದ್ರೆ ಸಾಕು. ಕೈಯಲ್ಲೇ ಕೀಳ್ಸು."

"ನಂಗೇ ಹೇಳ್ಕೊಡ್ತೀಯಾ ಒಕ್ಕಲುತನ?"

"ಹೇಳ್ಕೊಡ್ತಿಲ್ಲ ಕಣೋ. ಏನೂ ಮಾಡ್ಬೇಡ ಅಂತಿದೀನಿ."

ಏನೂ ಮಾಡದೆ ಇರುವುದರಲ್ಲಿ ನನ್ನನ್ನು ಮೀರಿಸುವವರು ಯಲಹಂಕ ತಾಲ್ಲೂಕಿನಲ್ಲೇ ಇರಲಿಲ್ಲ. ಆ ಹದಿನೈದು ದಿನ ಮಾತ್ರ ನನಗೆ ಅದು ಸಾಧ್ಯವಾಗಲಿಲ್ಲ.

ಮೊದಲ ದಿನ ಗಾಡಿಯಲ್ಲಿ ಹೋಗಿ ಬಲೆಯ ಹತ್ತಿರ ನಿಂತೆ. ಕಳೆ ಕೀಳುತ್ತಿದ್ದ ಹೆಂಗಸರಲ್ಲಿ ಹಿರಿಯಳು ತಲೆ ಎತ್ತಿ ನೋಡಿದಳು.

"ಏನ್ ಯಜಮಾನ್ರೇ, ಮದ್ವೆಗೆ ಒಂಟಿದ್ದೀರಾ?"

"ಕೆಲ್ಸ ನೋಡೋಕೆ ಬಂದಿದೀನಿ."

"ಇಂಗೆ ನಿಂತ್ಕಂಡ್ ನೋಡುದ್ರೆ ಏನ್ ಕಾಣ್ತದೆ? ಬನ್ನಿ, ಕುಂತ್ಕಳಿ. ಸರ್ಟು ಕೊಳೆ ಆಯ್ತದೆ ಅಂತ್ಲಾ?"

ಇನ್ನೊಬ್ಬಳು, "ಬುಡಕ್ಕ, ಅವ್ರ್ ಒಲ ಮಾರ್ದಾಗ ಮಂಡಿನೂ ಸೇರ್ಸಿ ಮಾರವ್ರೆ, ಮಡ್ಚಕ್ ಆಗಲ್ಲ" ಎಂದಳು. ಸಾಲಿಗೆ ಸಾಲೇ ನಕ್ಕಿತು. ಜಿಂಕೆಗಳೂ ನಕ್ಕಂತೆ ನನಗೆ ಅನಿಸಿತು.

ಅಂದೇ ನಿರ್ಧರಿಸಿದೆ. ಇವರು ತಿಂಗಳುಗಟ್ಟಲೆ ಕುಕ್ಕರುಗಾಲಲ್ಲಿ ಮಾಡುವುದನ್ನು ನಾನು ನಿಂತುಕೊಂಡು ಒಂದೇ ಬೆಳಿಗ್ಗೆ ಮಾಡಿ ತೋರಿಸುತ್ತೇನೆ. ಅಪ್ಪ ಕೊನೆಯ ವರ್ಷಗಳಲ್ಲಿ ರಾಗಿಗೆ ಒಂದು ಕಳೆ ಔಷಧಿ ಹೊಡೆಸುತ್ತಿದ್ದರು. ಹೊಡೆದ ವಾರದಲ್ಲಿ ಕಳೆಯೆಲ್ಲ ಸೊರಗಿ, ರಾಗಿ ಮಾತ್ರ ಏನೂ ಆಗದವರಂತೆ ನಿಂತಿರುತ್ತಿತ್ತು. ಔಷಧಿಗೆ ಬೆಳೆ ಯಾವುದು, ಕಳೆ ಯಾವುದು ಎಂದು ಗೊತ್ತು ಎಂದು ನಾನು ತಿಳಿದಿದ್ದೆ. ಔಷಧಿಗೆ ಅಷ್ಟು ಬುದ್ಧಿ ಇಲ್ಲ, ಅದಕ್ಕೆ ಗೊತ್ತಿರುವುದು ಎಲೆ ಮಾತ್ರ. ರಾಗಿ ಹುಲ್ಲಿನ ಜಾತಿ. ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯದನ್ನೆಲ್ಲ ಅದು ಸುಡುತ್ತದೆ. ಜಿಂಕೆ ಸೊಪ್ಪಿನ ಮೂರೂ ಎಲೆ ಅಗಲ. ಟೀ ಅಂಗಡಿಯ ಮುಂದೆ ಇಷ್ಟು ವರ್ಷ ನಿಂತರೂ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಹೆಂಗಸರಿಗೆ ರಜೆ. ಬೆನ್ನಿಗೆ ಹಾಕುವ ಸ್ಪ್ರೇಯರನ್ನು ಬಾಡಿಗೆಗೆ ತಂದು, ಬಿಳಿ ಶರ್ಟಿನ ಮೇಲೆಯೇ ಕಟ್ಟಿಕೊಂಡು, ಒಂದು ಅಂಗುಲವೂ ಬಿಡದೆ ಹೊಡೆದೆ. ಜೀವಮಾನದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಮೊದಲು ಸೊಪ್ಪಿನ ಕಾಂಡಗಳು ತಿರುಚಿಕೊಂಡವು. ಆಮೇಲೆ ಎಲೆ ಬಟ್ಟಲಿನಂತೆ ಮುದುಡಿತು. ವಾರ ಕಳೆಯುವುದರೊಳಗೆ ಇಡೀ ತುಂಡು ಕಂದಿ, ಅದರ ನಡುವೆ ಗರಿಕೆ, ಜೇಕು ಎರಡೇ ಹಸಿರಾಗಿ, ಮುಂದಿನ ಗಣೇಶನ ಹಬ್ಬಕ್ಕೆ ಈಗಲೇ ತಯಾರಾದಂತೆ ನಿಂತವು. ಕಳೆಯನ್ನು ಇಷ್ಟು ಶುದ್ಧವಾಗಿ ಬೆಳೆದವನು ಬೆಂಗಳೂರು ಉತ್ತರದಲ್ಲಿ ನಾನೊಬ್ಬನೇ ಇರಬೇಕು. ಬಲೆ ಮುಚ್ಚಿದ್ದರಿಂದ ಜಿಂಕೆಗಳು ಬಚಾವಾದವು.

ಮ್ಯಾನೇಜರ್ ಬಂದು ನೋಡಿದರು. ಮೆತ್ತನೆಯ ಮನುಷ್ಯ, ಬೈದಿದ್ದರೆ ನಾನೂ ಬೈದು ಅಲ್ಲಿಗೆ ಮುಗಿಸುತ್ತಿದ್ದೆ.

"ಏನ್ ಸಾರ್ ಇದು? ಕಳೆ ಉಳಿದಿದೆ, ಸೊಪ್ಪು ಹೋಗಿದೆ. ಔಷಧಿ ಹೊಡೀರಿ ಅಂತ ಯಾರು ಹೇಳಿದ್ದು?"

ಹೆಂಗಸರು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅವರ ಮುಂದೆ ನನ್ನ ಮರ್ಯಾದೆ ಇತ್ತು. ಎಷ್ಟಿತ್ತು ಎಂದು ಮೇಲೆ ಬರೆದಿದ್ದೇನೆ. ಅದನ್ನು ಕಾಪಾಡಿಕೊಂಡೆ.

"ನನ್ ತಂಗಿ ಹೇಳಿ ಹೋಗಿದ್ಲು ಸಾರ್. ಹೇಳಿದಷ್ಟು ಮಾಡ್ದೆ, ಅಷ್ಟೆ."

ಮರುದಿನ ಆಸ್ಪತ್ರೆಯಿಂದ ತಂಗಿ ನೇರವಾಗಿ ನಮ್ಮ ಮನೆಗೆ ಬಂದಳು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ನನ್ನ ಹೆಂಡತಿ ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದಳು.

"ಅಣ್ಣ, ನಾನು ಹೇಳಿದ್ನಾ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಯಾರಿಗೂ ಸಿಗುವುದಿಲ್ಲ. ಇದ್ದವರು ಮನೆಯವರೇ, ಬಾಗಿಲು ಮುಚ್ಚಿತ್ತು, ಕೇಳಿದವಳು ತಂಗಿ.

"ಹೇಳ್ದಲ್ಲ. ಹೊರಡೋ ಗಡಿಬಿಡೀಲಿ ಹೇಳ್ದೆ. ಅಪ್ಪ ಹೊಡೆಸ್ತಿದ್ರಲ್ಲ, ಆ ಔಷಧಿ ಹೊಡೆಸು ಅಂದೆ. ಅತ್ತೆ ಚಿಂತೇಲಿ ಮರ್ತಿದೀಯ."

"ಆ ಔಷಧಿ ರಾಗಿಗಲ್ವಾ? ಈ ಸೊಪ್ಪಿಗೆ ನಾನ್ಯಾಕೆ ಹಂಗ್ ಹೇಳ್ಲಿ?"

"ಅದು ನಂಗೇನ್ ಗೊತ್ತು? ಹೇಳ್ದೋಳು ನೀನು."

ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವಳು ತನ್ನೊಳಗೇ ಹುಡುಕುತ್ತಿದ್ದಳು, ಚೀಲದಲ್ಲಿ ಬೀಗದ ಕೈ ಹುಡುಕುವ ಹಾಗೆ. ಕೊನೆಗೆ, "ಹೇಳಿದ್ರೂ ಹೇಳಿರ್ಬಹುದು. ನಿದ್ದೆ ಬೇರೆ ಇರ್ಲಿಲ್ಲ" ಎಂದಳು. ಮ್ಯಾನೇಜರ ಹತ್ತಿರ ಹೋಗಿ ತಪ್ಪು ತನ್ನದೇ ಎಂದು ಒಪ್ಪಿಕೊಂಡು ಬಂದಳು. ಮೇವಿನ ಕೆಲಸ ತಣಿಸಂದ್ರದ ಯಾರೋ ನರ್ಸರಿಯವನಿಗೆ ಹೋಯಿತು.

ಕೆಲಸ ಹೋದದ್ದು ಸಣ್ಣದು ಎಂದು ನನಗೆ ಗೊತ್ತಾದದ್ದು ಆಮೇಲೆ. ತಂಗಿ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಎಳೆದು ನೋಡಲು ಶುರು ಮಾಡಿದಳು. ಫೋನಿನಲ್ಲಿ ಒಂದು ವಿಷಯ ಹೇಳಿ, ಇಟ್ಟು, ಮತ್ತೆ ಮಾಡಿ, "ಈಗ ನಾನು ಹೇಳಿದ್ನಲ್ಲ?" ಎಂದು ಕೇಳುತ್ತಿದ್ದಳು. ಯಲಹಂಕದಲ್ಲಿ ಒಬ್ಬರು ತಮ್ಮ ತೋಟ ನೋಡಿಕೊಳ್ಳಲು ಕರೆದಾಗ, "ನಂಗೆ ಮರೆವು, ಬೇಡ್ರೀ" ಎಂದಳು. ನಮ್ಮ ಮನೆಯಲ್ಲಂತೂ ಅದೊಂದು ಮಾತೇ ಆಯಿತು. ಯಾರಾದರೂ ಏನಾದರೂ ಮರೆತರೆ ನನ್ನ ಹೆಂಡತಿ, "ಜಿಂಕೆ ಸೊಪ್ಪು ಮಾಡಿದ್ರಾ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನು ಸ್ವಲ್ಪ ಜೋರಾಗಿಯೇ ನಗುತ್ತಿದ್ದೆ.

ವರ್ಷಗಳು ಹೀಗೆ ಸುಖವಾಗಿ ಕಳೆದವು. ಅವಳ ಮಗಳಿಗೆ ಮದುವೆಯಾಗಿ ಮಗುವಾಯಿತು. ನಾಮಕರಣಕ್ಕೆ ತಣಿಸಂದ್ರದ ಒಂದು ಛತ್ರದಲ್ಲಿ ಎಲ್ಲರೂ ಸೇರಿದ್ದೆವು. ಮಗುವಿಗೆ ಹೊಟ್ಟೆನೋವಿನ ಹನಿ ಹಾಕುವ ಹೊತ್ತು. ತಂಗಿ ಬಾಟಲಿ ತೆಗೆದುಕೊಂಡಳು. ಅವಳ ಮಗಳು ನಗುತ್ತಲೇ ಅದನ್ನು ಕಿತ್ತುಕೊಂಡಳು.

"ಅಮ್ಮ, ನೀನ್ ಬೇಡ. ಹಾಕಿದ್ದೇ ಮರ್ತು ಇನ್ನೊಂದ್ಸಲ ಹಾಕ್ತೀಯ."

ತಂಗಿ ಬಾಟಲಿ ಬಿಟ್ಟುಕೊಟ್ಟಳು. ಬೇಸರ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. "ಹೌದು, ಹೌದು, ನೀನೇ ಹಾಕು" ಎಂದು ಒಪ್ಪಿ ತಲೆಯಾಡಿಸಿದಳು.

ನಾನು ಎದ್ದು ನಿಂತು ಹೇಳಿಬಿಟ್ಟೆ. ಅವಳು ಏನನ್ನೂ ಮರೆತಿರಲಿಲ್ಲ, ಔಷಧಿ ಹೊಡೆಸು ಎಂದು ಹೇಳಿರಲೇ ಇಲ್ಲ, ಕೈಯಲ್ಲೇ ಕೀಳಿಸು ಎಂದಿದ್ದಳು, ನಾನು ಸುಳ್ಳು ಹೇಳಿದೆ, ಎರಡು ಸಲ ಹೇಳಿದೆ. ನಮ್ಮ ಚಿಕ್ಕಪ್ಪ ಕಣ್ಣೊರೆಸಿಕೊಂಡರು.

"ನೋಡ್ರಪ್ಪ, ಅಣ್ಣ ಅಂದ್ರೆ ಇವ್ನು. ತಂಗಿ ಮರ್ಯಾದೆ ಉಳ್ಸೋಕೆ ತಪ್ಪನ್ನ ತನ್ ಮೇಲ್ ಹಾಕ್ಕೊಂಡ!"

"ಅಯ್ಯೋ ಚಿಕ್ಕಪ್ಪ, ನಿಜವಾಗ್ಲೂ ನಾನೇ."

"ಗೊತ್ತು ಬಿಡೋ, ಗೊತ್ತು" ಎಂದು ನನ್ನ ಬೆನ್ನು ತಟ್ಟಿದರು. ಹೆಂಡತಿ ನನ್ನನ್ನು ಮದುವೆಯಾದಾಗಿನಿಂದ ನೋಡದಷ್ಟು ಹೆಮ್ಮೆಯಿಂದ ನೋಡಿದಳು. ಜೀವಮಾನದಲ್ಲಿ ಒಂದೇ ಒಂದು ನಿಜ ಹೇಳಿದ್ದಕ್ಕೆ ನನಗೆ ಸಿಕ್ಕ ಮರ್ಯಾದೆ ಅದು. ಊಟಕ್ಕೆ ಎಲೆ ಹಾಕಿದರು, ಎಲ್ಲರೂ ಎದ್ದು ಹೋದರು.

ತಂಗಿ ಮಾತ್ರ ಕೂತಲ್ಲೇ ಇದ್ದಳು. ಅವಳು ನಂಬಿದ್ದಳು. ನನ್ನ ಮುಖವನ್ನು ಅವಳು ಹೇಗೆ ನೋಡಿದಳು ಎಂಬುದನ್ನು ನಾನು ಬರೆಯಲಾರೆ.

"ಮನೇಲಿ ಅತ್ತೆ ಒಬ್ರೇ ಇದಾರೆ. ಅವ್ರ್ ಹತ್ರ ಬಂದು ಹೇಳು" ಎಂದಳು. "ಅವ್ರು ನಿನ್ನ ಹೊಗಳಲ್ಲ."

ಊಟ ಮಾಡದೆ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಾಗಲಗುಂಟೆಗೆ ಹೋದೆ. ಅತ್ತೆಗೆ ಕಿವಿ ಮಂದ. ಮೊದಲಿನಿಂದ ಕೊನೆಯವರೆಗೆ ಕೂಗಿ ಹೇಳಬೇಕಾಯಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದರು, ಎದುರು ಮನೆಯವರು ಕಿಟಕಿಗೆ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ.

ಅತ್ತೆ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳಿದರು. ಸೊಸೆಯ ಕಡೆ ಒಮ್ಮೆ ನೋಡಿ, ಆಮೇಲೆ ನನ್ನನ್ನು ಕೇಳಿದರು:

"ಹಂಗಾದ್ರೆ ಗ್ಯಾಸ್ ಆಫ್ ಮಾಡಿದ್ಯಾ, ಆಫ್ ಮಾಡಿದ್ಯಾ ಅಂತ ಇಷ್ಟ್ ವರ್ಷ ದಿನಾ ಇವಳನ್ನ ಎಬ್ಬಿಸಿ ಕೇಳ್ತಿದ್ನಲ್ಲಪ್ಪ, ಅದು ಸುಮ್ಸುಮ್ನೇನಾ?"

"ಸುಮ್ಸುಮ್ನೇ ಅಮ್ಮ" ಎಂದೆ.

"ಕೇಳಿಸ್ಲಿಲ್ಲ."

ಜೋರಾಗಿ ಹೇಳಿದೆ.